ಗೇನ್ ಏರಿಸಿದರೆ ಬೇಸ್ ಬರುವುದಿಲ್ಲ

"ಗೇನ್ ಅಂದ್ರೆ ಇನ್ನೊಂದು ವಾಲ್ಯೂಮ್ ಗುರು, ಸೌಂಡ್ ಸಾಲದಿದ್ರೆ ಅದನ್ನೂ ಏರಿಸು." ಬೇಸ್ ಗಿಟಾರಿನ ಆಂಪ್ ಮುಂದೆ ಮೊದಲ ಸಲ ಕೂತ ಹುಡುಗನಿಗೆ ನಮ್ಮ ಕಡೆ ಸಿಗುವ ಮೊದಲ ಪಾಠ ಇದು. ಬೆಂಗಳೂರಿನ ರಾಜಾಜಿನಗರದಿಂದ ಕೆಂಗೇರಿ ಉಪನಗರದವರೆಗೆ ಯಾವ ಪ್ರ್ಯಾಕ್ಟೀಸ್ ರೂಮಿಗೆ ಹೋದರೂ, ಯಾವ ರಸಮಂಜರಿ ವೇದಿಕೆಯ ಹಿಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ತಿಳಿಯದವರೇನಲ್ಲ. ವರ್ಷಗಟ್ಟಲೆ ಆರ್ಕೆಸ್ಟ್ರಾದಲ್ಲಿ ನುಡಿಸಿದವರು, ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಲೇ ತಲೆ ನರೆತವರು, ಮೈಸೂರು ರಸ್ತೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಾ ಬ್ಯಾಂಡ್ ಕಟ್ಟಿಕೊಂಡವರು, ಎಲ್ಲರೂ ಇದನ್ನೇ ಹೇಳುತ್ತಾರೆ. ಹಿಂದೆ ಅನುಭವದ ಬಲ ಇರುವುದರಿಂದ ಎದುರು ಮಾತನಾಡುವವರು ಕಡಿಮೆ. ಆದರೂ ಆಡಲೇಬೇಕಾಗಿದೆ, ಏಕೆಂದರೆ ಈ ಪಾಠ ಬುಡದಿಂದಲೇ ತಪ್ಪು. ನಮ್ಮ ಬೀದಿ ಕಾರ್ಯಕ್ರಮಗಳಲ್ಲಿ ಬೇಸ್ ಗಿಟಾರ್ ಎಂಬ ವಾದ್ಯವೇ ಒಂದು ಗದ್ದಲದ ಮುದ್ದೆಯಾಗಿ ಹೋಗಿರುವುದಕ್ಕೆ ಇದೇ ಮುಖ್ಯ ಕಾರಣ ಎಂಬುದು ನನ್ನ ಆರೋಪ.

ಮೊದಲು ಆಂಪ್ ಒಳಗೆ ಏನಾಗುತ್ತದೆ ನೋಡೋಣ. ಗಿಟಾರಿನ ತಂತಿ ಮಿಡಿದಾಗ ಪಿಕಪ್‌ನಲ್ಲಿ ಹುಟ್ಟುವುದು ಒಂದು ವೋಲ್ಟಿನ ಸಣ್ಣ ಪಾಲು. ಇತ್ತ 8 ಓಮ್ ಸ್ಪೀಕರಿನಿಂದ 100 ವ್ಯಾಟ್ ಹೊರಡಬೇಕಾದರೆ ಅದಕ್ಕೆ ಸುಮಾರು 28 ವೋಲ್ಟ್ ಕೊಡಬೇಕು. ಈ ಅಂತರವನ್ನು ಆಂಪ್ ಒಂದೇ ನೆಗೆತಕ್ಕೆ ದಾಟುವುದಿಲ್ಲ. ಮೊದಲ ಹಂತ ಪ್ರೀಆಂಪ್. ಗಿಟಾರಿನಿಂದ ಬಂದ ಬಡಕಲು ಸಿಗ್ನಲ್ಲನ್ನು ಅದು ಕೆಲಸಕ್ಕೆ ಬರುವ ಮಟ್ಟಕ್ಕೆ ಎತ್ತುತ್ತದೆ. ಎಷ್ಟು ಎತ್ತಬೇಕು ಎಂದು ಹೇಳುವ ನಾಬ್ ಗೇನ್. ಆಮೇಲೆ ಬೇಸ್, ಮಿಡ್, ಟ್ರೆಬಲ್ ನಾಬುಗಳು. ಅವನ್ನೆಲ್ಲ ದಾಟಿ ಬಂದ ಸಿಗ್ನಲ್ಲಿನಲ್ಲಿ ಎಷ್ಟನ್ನು ಪವರ್ ಆಂಪ್‌ಗೆ ಬಿಡಬೇಕು ಎಂದು ತೀರ್ಮಾನಿಸುವುದು ಕೊನೆಯ ಮಾಸ್ಟರ್ ವಾಲ್ಯೂಮ್. ಕಾಮಾಕ್ಷಿಪಾಳ್ಯದ ಯಾವುದೇ ಲೇತ್ ಶೆಡ್ಡಿಗೆ ಹೋಗಿ ಕೇಳಿ, ಸ್ಪೀಡ್ ಬೇರೆ ಫೀಡ್ ಬೇರೆ ಎಂದು ಕೆಲಸ ಕಲಿಯಲು ಬಂದ ಹುಡುಗನೂ ಹೇಳುತ್ತಾನೆ. ಎರಡನ್ನೂ ಒಟ್ಟಿಗೆ ಏರಿಸಿದರೆ ಕೆಲಸ ಬೇಗ ಮುಗಿಯುವುದಿಲ್ಲ, ಟೂಲ್ ಮುರಿಯುತ್ತದೆ. ಅದೇ ಹುಡುಗ ಸಂಜೆ ಗಣೇಶನ ಪೆಂಡಾಲಿನಲ್ಲಿ ಆಂಪ್ ಮುಂದೆ ನಿಂತಾಗ ಮಾತ್ರ ಎರಡೂ ನಾಬನ್ನು ಬಲಕ್ಕೆ ತಿರುಗಿಸುತ್ತಾನೆ.

ಗೇನ್ ಏರಿಸಿದರೆ ಸೌಂಡ್ ಏರುವುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಭ್ರಮೆ ಹುಟ್ಟುವುದೂ ಅಲ್ಲೇ. ಒಂದು ಹಂತದವರೆಗೆ ಗೇನ್ ಮತ್ತು ವಾಲ್ಯೂಮ್ ಒಂದೇ ಕೆಲಸ ಮಾಡುತ್ತಿರುವಂತೆ ಕಾಣುತ್ತವೆ. ಆ ಹಂತ ದಾಟಿದ ಮೇಲೆ ಪ್ರೀಆಂಪ್ ಕೈ ಚೆಲ್ಲುತ್ತದೆ. ಅಲೆಯ ನೆತ್ತಿ ಅದರ ಮಿತಿಗೆ ತಾಗಿ ಚಪ್ಪಟೆಯಾಗುತ್ತದೆ, ಅದೇ ಕ್ಲಿಪ್. ಮೈಕ್‌ಸೆಟ್‌ನವರು "ಸೌಂಡ್ ಒಡೀತಿದೆ" ಎನ್ನುವುದು ಇದಕ್ಕೇ. ಇಲ್ಲಿಂದ ಮುಂದೆ ಗೇನ್ ಎಷ್ಟು ತಿರುಗಿಸಿದರೂ ಸೌಂಡ್ ಹೇಳಿಕೊಳ್ಳುವಷ್ಟು ಏರುವುದಿಲ್ಲ, ಒಡಕು ಮಾತ್ರ ಏರುತ್ತದೆ. ಮೆಲ್ಲಗೆ ನುಡಿಸಿದ್ದೂ ಜೋರಾಗಿ ನುಡಿಸಿದ್ದೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ವಾದಕನ ಬೆರಳಿಗೆ ಇದ್ದ ಅಷ್ಟೂ ಹಿಡಿತ ಅಲ್ಲಿಗೆ ಮುಗಿಯಿತು. ಇನ್ನು ಚಪ್ಪಟೆಯಾದ ಆ ಅಲೆ ಪವರ್ ಆಂಪ್ ದಾಟಿ ಸ್ಪೀಕರಿಗೆ ಹೋದಾಗ ನಡೆಯುವುದನ್ನು ನೋಡಿ: ಒಂದೇ ಎತ್ತರದ ನುಣುಪಾದ ಅಲೆಗೆ ಹೋಲಿಸಿದರೆ ಪೂರ್ತಿ ಚೌಕವಾದ ಅಲೆ ಎರಡು ಪಟ್ಟು ಶಕ್ತಿ ಹೊರುತ್ತದೆ. ಕಾಯಿಲ್ ಕಾಯುತ್ತದೆ, ತಣ್ಣಗಾಗಲು ಬಿಡುವು ಸಿಗುವುದಿಲ್ಲ. ಹಬ್ಬದ ಸೀಸನ್ ಮುಗಿದ ಮೇಲೆ ಸುಟ್ಟ ಕಾಯಿಲ್ ಹಿಡಿದುಕೊಂಡು ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅಲೆಯುವವರು ಸ್ಪೀಕರ್ ಕಂಪನಿಯನ್ನು ಬೈಯುತ್ತಾರೆ. ಗೇನ್ ನಾಬನ್ನು ಬೈದವರನ್ನು ನಾನು ಕಂಡಿಲ್ಲ.

ಹಾಗಾದರೆ ಸರಿಯಾಗಿ ಇಡುವುದು ಹೇಗೆ? ಇದಕ್ಕೆ ದೊಡ್ಡ ವಿದ್ಯೆ ಬೇಡ. ಮಾಸ್ಟರ್ ವಾಲ್ಯೂಮ್ ಪೂರ್ತಿ ಸೊನ್ನೆಗೆ ಇಳಿಸಿ. ಬೇಸ್, ಮಿಡ್, ಟ್ರೆಬಲ್ ಮೂರನ್ನೂ ನಡುವಿನ ಗೆರೆಗೆ ತನ್ನಿ. ಗಿಟಾರಿನ ಮೇಲಿನ ವಾಲ್ಯೂಮ್ ಪೂರ್ತಿ ತೆರೆಯಿರಿ. ಗಿಟಾರಿನಲ್ಲಿ ಬ್ಯಾಟರಿ ಇದೆಯೇ ಎಂದು ನೋಡಿ, ಇದ್ದರೆ ಅದು ಆಕ್ಟಿವ್. ಆಂಪ್ ಮೇಲೆ ಅದಕ್ಕೆಂದೇ ಒಂದು ಗುಂಡಿ ಅಥವಾ ಬೇರೆ ಇನ್‌ಪುಟ್ ಇರುತ್ತದೆ, ಅದನ್ನು ಬಳಸಿ. ಈಗ ಗೇನ್ ನಾಬಿಗೆ ಕೈ ಹಾಕಿ. ಒಂದು ಕೈಯಲ್ಲಿ ಅದನ್ನು ಮೆಲ್ಲಗೆ ಏರಿಸುತ್ತಾ ಇನ್ನೊಂದು ಕೈಯಲ್ಲಿ ಇ ತಂತಿಯನ್ನು ಬಿಡಿಯಾಗಿ ಮೀಟಿ. ಮೀಟುವುದು ಮನೆಯಲ್ಲಿ ಕೂತು ಮೀಟುವಂತೆ ಅಲ್ಲ, ಕಾರ್ಯಕ್ರಮದ ಕೊನೆಯ ಹಾಡಿನಲ್ಲಿ ಜನ ಎದ್ದು ಕುಣಿಯುವಾಗ ಎಷ್ಟು ಜೋರಾಗಿ ಹೊಡೆಯುತ್ತೀರೋ ಅಷ್ಟು ಜೋರಾಗಿ. ಆಂಪ್ ಮೇಲಿನ ಕ್ಲಿಪ್ ಲೈಟ್ ಮೊದಲು ಸುಮ್ಮನಿರುತ್ತದೆ. ನಾಬ್ ಏರುತ್ತಾ ಹೋದಂತೆ ಅತಿ ಜೋರಿನ ಏಟಿಗೆ ಒಮ್ಮೆ ಚಕ್ ಎಂದು ಕೆಂಪು ಮಿಂಚುತ್ತದೆ. ಅಲ್ಲಿ ನಿಲ್ಲಿಸಿ, ಒಂದು ಕೂದಲೆಳೆ ಹಿಂದಕ್ಕೆ ತನ್ನಿ. ಗೇನ್ ಕೆಲಸ ಮುಗಿಯಿತು. ಸ್ಲ್ಯಾಪ್ ಮಾಡುವವರು ಹೆಬ್ಬೆರಳಿನ ಏಟಿಗೂ ಒಮ್ಮೆ ಪರೀಕ್ಷೆ ಮಾಡಿಕೊಳ್ಳಬೇಕು, ಅದು ಬೆರಳಿನ ಮೀಟಿಗಿಂತ ತುಂಬಾ ಜೋರು. ಇನ್ನು ಮಾಸ್ಟರ್ ವಾಲ್ಯೂಮನ್ನು ಡ್ರಮ್ಸ್ ಎಷ್ಟು ಜೋರಿದೆಯೋ ಅದಕ್ಕೆ ತಕ್ಕಂತೆ ಏರಿಸಿಕೊಳ್ಳಿ. ಕೊಠಡಿ ಬದಲಾದರೆ, ಬಯಲಿಗೆ ಹೋದರೆ, ಹಾಡು ಮೆಲ್ಲಗಾದರೆ ಮುಟ್ಟಬೇಕಾದ್ದು ಮಾಸ್ಟರನ್ನು ಮಾತ್ರ. ಗಿಟಾರ್ ಬದಲಾದಾಗ ಮಾತ್ರ ಗೇನ್.

ಇಲ್ಲಿ ಎರಡನೆಯ ಪಂಥದವರು ಎದ್ದು ನಿಲ್ಲುತ್ತಾರೆ. ಇವರು ತಮ್ಮನ್ನು ಜಾಣರೆಂದು ತಿಳಿದವರು. "ಗೇನ್ ಯಾವಾಗಲೂ ಅರ್ಧಕ್ಕಿಡು, ಸೇಫ್" ಎನ್ನುತ್ತಾರೆ. ಅರ್ಧ ಎಂದರೆ ಯಾವ ಆಂಪಿನ ಅರ್ಧ, ಯಾವ ಗಿಟಾರಿನ ಮುಂದೆ ಅರ್ಧ? ನಾಬಿನ ಸುತ್ತ ಬರೆದ ಅಂಕಿಗಳು ಅಳತೆಪಟ್ಟಿಯ ಅಂಕಿಗಳಲ್ಲ. ಐದು ಎಂದರೆ ಅರ್ಧ ಶಕ್ತಿ ಎಂದು ಯಾವ ಆಂಪೂ ಭರವಸೆ ಕೊಟ್ಟಿಲ್ಲ. ಒಂದು ಗಿಟಾರಿಗೆ ಒಂಬತ್ತು ಗಂಟೆಯ ಜಾಗದಲ್ಲೇ ಕೆಂಪು ಲೈಟ್ ಮಿಂಚಿದರೆ, ಇನ್ನೊಂದಕ್ಕೆ ಎರಡು ಗಂಟೆಯವರೆಗೂ ಹೋಗಬೇಕಾಗುತ್ತದೆ. ನಮ್ಮ ಆರ್ಕೆಸ್ಟ್ರಾ ಬೇಸ್ ವಾದಕರಲ್ಲಿ ಹೆಚ್ಚಿನವರು ಆಂಪ್ ಹೊತ್ತು ತಿರುಗುವವರಲ್ಲ. ಇವತ್ತು ವಿಜಯನಗರದಲ್ಲಿ ಒಬ್ಬರ ಡಬ್ಬ, ನಾಳೆ ನಾಗರಬಾವಿಯಲ್ಲಿ ಇನ್ನೊಬ್ಬರದು. ಅಂಥವರಿಗೆ ನಾಬಿನ ಜಾಗ ಬಾಯಿಪಾಠ ಮಾಡಿಸುವುದು ಕುರುಡು ಪಾಠ. ಕಣ್ಣಿನಲ್ಲಿ ಲೈಟ್ ನೋಡಿ, ಕಿವಿಯಲ್ಲಿ ಕೇಳಿ ಇಡುವುದನ್ನು ಕಲಿಸಿದ್ದರೆ ಯಾವ ಡಬ್ಬವಾದರೂ ಅವರ ಕೈಗೆ ಬಗ್ಗುತ್ತಿತ್ತು.

ಮೂರನೆಯ ಪಂಥ ಇನ್ನೂ ಹೆದರಿದ್ದು: ಗೇನ್ ತೀರಾ ಕೆಳಗಿಟ್ಟು ಮಾಸ್ಟರ್ ಪೂರ್ತಿ ಏರಿಸುವವರು. ಸ್ಪೀಕರ್ ಉಳಿಯುತ್ತದೆ ಎಂಬ ನಂಬಿಕೆ. ಪ್ರೀಆಂಪಿಗೇ ಸಿಗ್ನಲ್ ಸಾಲದಿದ್ದಾಗ ಪವರ್ ಆಂಪ್ ಎತ್ತುವುದು ಸಂಗೀತದ ಜೊತೆ ಎಲ್ಲ ಕಸವನ್ನೂ. ನಮ್ಮ ಪೆಂಡಾಲುಗಳ ಕರೆಂಟು ಹೇಗೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅರ್ತಿಂಗ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಸೀರಿಯಲ್ ಸೆಟ್ ಬಲ್ಬಿನ ವೈರು, ಆಂಪಿನ ವೈರು, ಮಿಕ್ಸರ್ ವೈರು ಎಲ್ಲ ಒಂದೇ ಬೋರ್ಡಿಗೆ. ನಮ್ಮ ಮನೆ ಕರೆಂಟಿನ 50 ಹರ್ಟ್ಸ್ ಗುಂಯ್ ಎನ್ನುವ ಸದ್ದಾಗಿ ಒಳಗೆ ಬರುತ್ತದೆ. ಬೇಸ್ ಗಿಟಾರಿನ ಇ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಸ್. ಎಂದರೆ ಕಸವೂ ಸ್ವರವೂ ಒಂದೇ ಜಾಗದಲ್ಲಿ ಕೂತಿವೆ, ಯಾವ ನಾಬ್ ತಿರುಗಿಸಿಯೂ ಒಂದನ್ನು ಉಳಿಸಿ ಇನ್ನೊಂದನ್ನು ಕಳೆಯಲಾಗದು. ಹಾಡು ಜಿ ಶ್ರುತಿಯಲ್ಲಿದ್ದರೆ ಗುಂಯ್ ಸದ್ದು ಶ್ರುತಿಪೆಟ್ಟಿಗೆಯ ಹಾಗೆ ಸುಮಾರಾಗಿ ಹೊಂದಿಕೊಂಡೀತು, ಬೇರೆ ಶ್ರುತಿಗೆ ಆ ಭಾಗ್ಯವೂ ಇಲ್ಲ.

ಇನ್ನು ವೇದಿಕೆಯ ಮೇಲಿನ ಅನಾಹುತಕ್ಕೆ ಬರೋಣ. ಅಡ್ಡರಸ್ತೆಗೆ ಶಾಮಿಯಾನ ಹಾಕಿ, ಅಣ್ಣಮ್ಮನನ್ನೋ ಗಣೇಶನನ್ನೋ ಕೂರಿಸಿ, ಎದುರಿಗೆ ರಸಮಂಜರಿ ಇಟ್ಟಿದ್ದಾರೆ ಅನ್ನಿ. ಜನರಿಗೆ ಕೇಳುವುದು ವೇದಿಕೆಯ ಎರಡು ಬದಿಯ ದೊಡ್ಡ ಬಾಕ್ಸುಗಳಿಂದ. ವಾದಕನ ಹಿಂದಿರುವ ಆಂಪ್ ಮುಖ್ಯವಾಗಿ ಅವನಿಗೂ ಡ್ರಮ್ಸ್ ಅಥವಾ ಪ್ಯಾಡ್ ನುಡಿಸುವವನಿಗೂ ಕೇಳಲಿ ಎಂದು ಇಟ್ಟದ್ದು. ಬೇಸ್ ಗಿಟಾರಿನ ಸಿಗ್ನಲ್ ಮಿಕ್ಸರಿಗೆ ಹೋಗುವುದು ಡಿಐ, ಅಂದರೆ ಡೈರೆಕ್ಟ್ ಇನ್‌ಪುಟ್, ಲೈನಿನಿಂದ. ಆ ಡಿಐ ಡಬ್ಬ ಗಿಟಾರಿಗೂ ಆಂಪಿಗೂ ನಡುವೆ ಇದ್ದರೆ, ಆಂಪಿನ ಯಾವ ನಾಬ್ ತಿರುಗಿಸಿದರೂ ಮಿಕ್ಸರಿಗೆ ಹೋಗುವ ಸಿಗ್ನಲ್ಲಿಗೆ ಏನೂ ಆಗುವುದಿಲ್ಲ. ಲೈನ್ ಆಂಪಿನ ಹಿಂಬದಿಯಿಂದ ಹೊರಟಿದ್ದರೆ ಕಥೆ ಬೇರೆ: ಅನೇಕ ಆಂಪ್‌ಗಳಲ್ಲಿ ಅದು ಪ್ರೀಆಂಪ್ ದಾಟಿದ ಮೇಲೆ, ಮಾಸ್ಟರಿಗಿಂತ ಮೊದಲು ಕವಲೊಡೆಯುತ್ತದೆ. ಈಗ ಯೋಚಿಸಿ. ಮೂರನೇ ಹಾಡಿನ ನಡುವೆ ಕಮಿಟಿಯವರೊಬ್ಬರು ವೇದಿಕೆ ಪಕ್ಕ ಬಂದು "ಬೇಸ್ ಬರ್ತಾ ಇಲ್ಲಣ್ಣ, ಇನ್ನೂ ಕೊಡಿ" ಎಂದು ಕೈ ಸನ್ನೆ ಮಾಡುತ್ತಾರೆ. ವಾದಕ ಬಗ್ಗಿ ಗೇನ್ ಏರಿಸುತ್ತಾನೆ. ಮಿಕ್ಸರಿನಲ್ಲಿ ಆಪರೇಟರ್ ಸೌಂಡ್ ಚೆಕ್‌ನಲ್ಲಿ ಇಟ್ಟಿದ್ದ ಲೆಕ್ಕ ಅಡಿಮೇಲಾಗುತ್ತದೆ, ಅವನ ಚಾನೆಲ್ ಕೆಂಪಾಗುತ್ತದೆ, ಅವನು ಫೇಡರ್ ಇಳಿಸುತ್ತಾನೆ. ಕಮಿಟಿಯವರು ಮತ್ತೆ ಬರುತ್ತಾರೆ. ಎಂಟನೇ ಹಾಡಿನ ಹೊತ್ತಿಗೆ ಗೇನ್ ಪೂರ್ತಿ ಬಲಕ್ಕೆ, ಫೇಡರ್ ಪೂರ್ತಿ ಕೆಳಕ್ಕೆ, ಹೊರಗೆ ಬರುವುದು ಬರ್ರ್ ಎಂಬ ಒಡಕು. ಆಪರೇಟರಿಗೂ ವಾದಕನಿಗೂ ಮುನಿಸು ಬೇರೆ. ವಾದಕ ಮಾಸ್ಟರನ್ನು ಮುಟ್ಟಿದ್ದರೆ ಅವನ ಕಿವಿಗೆ ಸೌಂಡ್ ಏರುತ್ತಿತ್ತು, ಆಪರೇಟರಿನ ಲೆಕ್ಕ ಹಾಗೇ ಇರುತ್ತಿತ್ತು.

ಬೇಸ್ ನಾಬಿನ ಮೇಲಿನ ಮೋಹವೂ ಇದರದೇ ತಮ್ಮ. ಗೇನ್ ಸರಿಯಾಗಿ ಇಟ್ಟ ಮೇಲೆ ಬೇಸ್ ಪೂರ್ತಿ ಏರಿಸುತ್ತಾರೆ, ಮಿಡ್ ಇಳಿಸುತ್ತಾರೆ. ಹಾಗೆ ಬೇಸ್ ನಾಬಿನಿಂದ 15 ಡೆಸಿಬೆಲ್ ಏರಿಸುವುದೆಂದರೆ ಆ ಕಂಪನಗಳಿಗೆ ಆಂಪ್ ಮೂವತ್ತು ಪಟ್ಟಿಗೂ ಹೆಚ್ಚು ಶಕ್ತಿ ಹೊಂದಿಸಬೇಕು. ಎಲ್ಲಿಂದ ತಂದೀತು? ಮತ್ತೆ ಕ್ಲಿಪ್. ಅಷ್ಟಕ್ಕೂ ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ಇ ಸ್ವರ 41 ಹರ್ಟ್ಸ್. ಬಾಡಿಗೆಗೆ ಸಿಗುವ ಸಣ್ಣ ಆಂಪಿನ ಸ್ಪೀಕರ್ ಆ ಆಳಕ್ಕೆ ಸರಿಯಾಗಿ ಇಳಿಯುವುದೇ ಇಲ್ಲ, ಕೋನ್ ಹಿಂದೆ ಮುಂದೆ ಒದ್ದಾಡುತ್ತದೆ ಅಷ್ಟೇ. ನಮ್ಮ ಕಿವಿ ಇ ಸ್ವರವನ್ನು ಗುರುತಿಸುವುದು ಅದರ ಮೇಲಿನ 82, 124, 165 ಹರ್ಟ್ಸ್‌ಗಳ ಮೇಲ್‌ಸ್ವರಗಳಿಂದ. ಅಡಿಯ 41 ಕ್ಷೀಣವಾಗಿದ್ದರೂ ಮಿದುಳು ಅದನ್ನು ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ ಜನರಿಗೆ ಬೇಸ್ ಕೇಳಿಸಬೇಕೆಂದರೆ ಕೈ ಹೋಗಬೇಕಾದ್ದು ಮಿಡ್ ನಾಬಿಗೆ, ಅದೂ ಸ್ವಲ್ಪ ಮೇಲಕ್ಕೆ. ಇದನ್ನು ಹೇಳಿದರೆ ನಗುತ್ತಾರೆ. ಮಾಡಿ ತೋರಿಸಿದರೆ ಸುಮ್ಮನಾಗುತ್ತಾರೆ.

"ಅದೆಲ್ಲ ಇರಲಿ, ನಿಮ್ಮ ಆಂಪ್ ಚಿಕ್ಕದು, ವ್ಯಾಟ್ ಸಾಲದು" ಎಂಬ ವಾದಕ್ಕೆ ಸ್ವಲ್ಪ ಮರ್ಯಾದೆ ಕೊಡಲೇಬೇಕು. ಬೇಸ್‌ಗೆ ನಿಜಕ್ಕೂ ಶಕ್ತಿ ಹೆಚ್ಚು ಬೇಕು. 40 ಹರ್ಟ್ಸ್ ಸದ್ದು ನಮ್ಮ ಕಿವಿಗೆ ಕೇಳಲು ಶುರುವಾಗುವುದೇ ಸುಮಾರು 50 ಡೆಸಿಬೆಲ್ ದಾಟಿದ ಮೇಲೆ. 1951ರಲ್ಲಿ ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ತಂದ ಮರುವರ್ಷವೇ ಅದಕ್ಕೆಂದು ಬೇರೆ ಆಂಪ್ ಮಾಡಬೇಕಾಯಿತು. 1969ರಲ್ಲಿ ಆಂಪೆಗ್ ಕಂಪನಿ ದೊಡ್ಡ ವೇದಿಕೆಗಳಿಗಾಗಿ 300 ವ್ಯಾಟಿನ ಎಸ್‌ವಿಟಿ ತಂದಿತು. ಆದರೆ ಲೆಕ್ಕ ನೋಡಿ. 100 ವ್ಯಾಟಿನ ಜಾಗಕ್ಕೆ 200 ವ್ಯಾಟ್ ತಂದರೆ ಸಿಗುವುದು 3 ಡೆಸಿಬೆಲ್, ಗಮನ ಕೊಟ್ಟು ಕೇಳಿದರೆ ತಿಳಿಯುವಷ್ಟು. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು, 1000 ವ್ಯಾಟ್ ಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಕರಗುತ್ತದೆ. ಬಾಕ್ಸಿನಿಂದ 5 ಮೀಟರ್ ದೂರದಲ್ಲಿ ಕೂತವನಿಗೂ 40 ಮೀಟರ್ ಆಚೆ ಪಾನಿಪುರಿ ಗಾಡಿ ಪಕ್ಕ ನಿಂತವನಿಗೂ 18 ಡೆಸಿಬೆಲ್ ಅಂತರ. ಹಿಂದಿನವನಿಗೆ ಕೇಳಲಿ ಎಂದು ಮುಂದಿನಿಂದಲೇ ದೂಡಿದರೆ ಮೊದಲ ಸಾಲಿನ ಅಜ್ಜಿಯರ ಕಿವಿ ಹೋಗುತ್ತದೆ. ಅದಕ್ಕೆ ಮದ್ದು ನಡುವೆ ಇನ್ನೊಂದು ಜೊತೆ ಬಾಕ್ಸ್ ನಿಲ್ಲಿಸುವುದು. ವಾದಕನ ಗೇನ್ ನಾಬಿನಲ್ಲಿ ಈ ಸಮಸ್ಯೆಗೆ ಉತ್ತರವೇ ಇಲ್ಲ.

ಮನೆಯೊಳಗಿನ ಕಥೆ ಇದಕ್ಕಿಂತ ತಮಾಷೆ. ಬಸವೇಶ್ವರನಗರದ 30×40 ಸೈಟಿನ ಮನೆಯ ಹತ್ತು ಅಡಿ ಕೋಣೆಯಲ್ಲಿ ಹುಡುಗ ಅಭ್ಯಾಸ ಮಾಡುತ್ತಿದ್ದಾನೆ ಅನ್ನಿ. ಹತ್ತು ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್ ಸದ್ದು ನಿಂತ ಅಲೆಯಾಗುತ್ತದೆ. ಬೇಸ್ ಗಿಟಾರಿನ ಬಿಡಿ ಎ ತಂತಿ 55 ಹರ್ಟ್ಸ್. ಈ ನಿಂತ ಅಲೆ ಗೋಡೆಗಳ ಬಳಿ ಅತಿ ಜೋರು, ಕೋಣೆಯ ನಡುವೆ ಅತಿ ಕ್ಷೀಣ. ಹುಡುಗ ಕೂತಿರುವುದು ನಟ್ಟನಡುವೆ ಕುರ್ಚಿ ಹಾಕಿಕೊಂಡು. ಅವನಿಗೆ ಎ ಸ್ವರ ಸಾಲದು ಅನ್ನಿಸುತ್ತದೆ, ಗೇನ್ ಏರಿಸುತ್ತಾನೆ, ಬೇಸ್ ಏರಿಸುತ್ತಾನೆ. ಗೋಡೆಯಾಚೆ ಮಲಗಿದ ಅಪ್ಪನಿಗೂ, ಮೂರಡಿ ಸಂದಿನ ಆಚೆಯ ಪಕ್ಕದ ಮನೆಯವರಿಗೂ ಪಾತ್ರೆಗಳ ಗಡಗಡ ಕೇಳಿಸುತ್ತದೆ. ಅವನು ಎದ್ದು ನಾಲ್ಕಡಿ ಸರಿದು ಗೋಡೆಯ ಹತ್ತಿರ ಕೂತಿದ್ದರೆ ಸಾಕಿತ್ತು. ಇನ್ನೊಂದು: ಆಂಪನ್ನು ನೆಲದ ಮೇಲಿಟ್ಟು ಎದುರಿಗೇ ನಿಲ್ಲುತ್ತೇವೆ, ಸ್ಪಷ್ಟತೆ ಕೊಡುವ ಮೇಲಿನ ಕಂಪನಗಳು ಮೊಣಕಾಲಿಗೆ ಬಡಿದು ಹೋಗುತ್ತವೆ. ಡಬ್ಬವನ್ನು ಒಂದು ಗಟ್ಟಿ ಸ್ಟೂಲಿನ ಮೇಲಿಡಿ, ಇಲ್ಲವೇ ಹಿಂದಕ್ಕೆ ವಾಲಿಸಿ. "ಕೇಳ್ತಾ ಇಲ್ಲ" ಎಂಬ ದೂರುಗಳಲ್ಲಿ ಬಹುಪಾಲು ಅಲ್ಲಿಗೇ ನಿಲ್ಲುತ್ತವೆ.

ರಾಕ್, ಮೆಟಲ್ ನುಡಿಸುವ ಗೆಳೆಯರು ಈ ಹೊತ್ತಿಗೆ ಸಿಟ್ಟಾಗಿರುತ್ತಾರೆ. ಒಡಕೇ ನಮಗೆ ಬೇಕಾದ್ದು, ಮೋಟರ್‌ಹೆಡ್ ಬ್ಯಾಂಡಿನ ಲೆಮ್ಮಿ ಹಾಗೆಯೇ ನುಡಿಸುತ್ತಿದ್ದ ಎನ್ನುತ್ತಾರೆ. ಒಪ್ಪಿದೆ. ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್ ಬ್ಯಾಂಡ್ ನುಡಿಸಿದಾಗಿನಿಂದ ಈ ಊರಿನ ಎಷ್ಟೋ ಹುಡುಗರು ಬೇಸ್ ಹಿಡಿದಿದ್ದಾರೆ, ಆ ಹುಚ್ಚಿಗೆ ನನ್ನ ಗೌರವವಿದೆ. ಬೇಕೆಂದೇ ಗೇನ್ ಏರಿಸಿ, ಮಾಸ್ಟರ್ ಇಳಿಸಿ, ಎಷ್ಟು ಒಡಕು ಬೇಕೋ ಅಷ್ಟನ್ನು ಅಳೆದು ತೆಗೆಯುವುದು ಕಲೆ. ಗಮನಿಸಿ, ಹಾಗೆ ಮಾಡುವವನಿಗೆ ಎರಡು ನಾಬುಗಳ ಕೆಲಸ ಬೇರೆ ಬೇರೆ ಎಂದು ಚೆನ್ನಾಗಿ ಗೊತ್ತಿರುತ್ತದೆ. ಲೆಮ್ಮಿಯ ಹೆಸರು ಹೇಳಿಕೊಂಡು ಭಾವಗೀತೆಗೆ ಒಡಕು ಬೇಸ್ ಕೊಡುವವರ ಬಗ್ಗೆ ನನ್ನ ತಕರಾರು.

ಈಗ ದೊಡ್ಡ ವಾದಕ್ಕೆ ಬರುತ್ತೇನೆ: "ಎದೆಗೆ ಗುಮ್ ಅಂತ ಬಡಿದರೇನೇ ಜನ ನಿಲ್ಲೋದು." ಕಮಿಟಿಗಳ, ಬಾಡಿಗೆ ಸೌಂಡಿನವರ, ಎಷ್ಟೋ ಕಲಾವಿದರ ನಂಬಿಕೆ ಇದು. ಎದೆಗೆ ಬಡಿಯುವುದು ಸಬ್‌ವೂಫರಿನ ಕೆಲಸ, ಕಿಕ್ ಡ್ರಮ್ಮಿನ ಕೆಲಸ. ಬೇಸ್ ಗಿಟಾರ್ ಹಾಡುವ ವಾದ್ಯ. 1983ರ 'ಪಲ್ಲವಿ ಅನುಪಲ್ಲವಿ' ಮತ್ತು ಶಂಕರ್‌ನಾಗ್ ನಿರ್ದೇಶಿಸಿದ 1981ರ 'ಗೀತಾ' ಚಿತ್ರಗಳ ಹಾಡುಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಇಳಯರಾಜ ಅಲ್ಲಿ ಬೇಸ್ ಗಿಟಾರಿಗೆ ಗಾಯಕರ ಜೊತೆ ಸಂಭಾಷಣೆ ಮಾಡುವ ಸ್ವರಗಳನ್ನು ಕೊಟ್ಟಿದ್ದಾರೆ. ಗಾಯಕಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಬೇಸ್ ಎರಡು ಸ್ವರ ಮೇಲೆ ಹತ್ತಿ ಇಳಿಯುತ್ತದೆ. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಕನ್ನಡ ಚಿತ್ರಗಳಿಗೆ ದುಡಿದು, ಗಿಟಾರ್ ನುಡಿಸುತ್ತಲೇ ಬೆಳೆದ ಸಂಗೀತಗಾರ ಅವರು, ತಂತಿಯ ಬೆಲೆ ಅವರಿಗೆ ಗೊತ್ತು. ಅದೇ ಹಾಡನ್ನು ನಮ್ಮ ರಸಮಂಜರಿಯಲ್ಲಿ ಕೇಳಿ. ಆ ಸ್ವರಗಳ ಏರಿಳಿತ ಎಲ್ಲಿ? ಕ್ಲಿಪ್ ಆದ ಸಿಗ್ನಲ್ಲಿನಲ್ಲಿ ಸಣ್ಣ ಸ್ವರ, ದೊಡ್ಡ ಸ್ವರ ಎಂಬ ಭೇದ ಉಳಿಯುವುದಿಲ್ಲ, ಒಂದು ಸ್ವರದ ಬಾಲ ಇನ್ನೊಂದರ ತಲೆ ಮೇಲೆ ಬೀಳುತ್ತದೆ. ಕೊನೆಗೆ ಆಯೋಜಕರು "ಬೇಸ್ ಗಿಟಾರ್ ಏನೂ ಕೇಳೋದೇ ಇಲ್ಲ, ಕೀಬೋರ್ಡ್‌ನವನೇ ಎಡಗೈಯಲ್ಲಿ ಮಾಡ್ಕೊಳ್ಳಲಿ" ಎನ್ನುತ್ತಾರೆ. ಒಬ್ಬ ವಾದಕನ ಒಂದು ರಾತ್ರಿಯ ಸಂಬಳ ಉಳಿಯಿತು. ವಾದ್ಯ ಹೋಯಿತು.

ಅಕ್ಕಪಕ್ಕದವರ ಮಾತೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಸರ್ಕಾರ ಘೋಷಿಸಿದ ಕಡೆ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ. ರಾಜಾಜಿನಗರದ ಇಎಸ್ಐ ಆಸ್ಪತ್ರೆಯ ಸುತ್ತಮುತ್ತ ಪೆಂಡಾಲ್ ಹಾಕುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ವರ್ಷಕ್ಕೆ 15 ದಿನ ಮೀರದಂತೆ ಸರ್ಕಾರ 12 ಗಂಟೆಯವರೆಗೆ ವಿನಾಯಿತಿ ಕೊಡಬಹುದು. ಇಷ್ಟು ಹಲವರಿಗೆ ಗೊತ್ತು. ಗೊತ್ತಿಲ್ಲದ್ದು ಬೇರೆ. ಈ ನಿಯಮದ ಅಳತೆ ಡೆಸಿಬೆಲ್ ಎ ಎಂಬ ಮಾಪನದ್ದು, ಅದು ಕೆಳಗಿನ ಕಂಪನಗಳನ್ನು ಬಹಳ ಕಡಿಮೆ ಎಣಿಸುತ್ತದೆ. 40 ಹರ್ಟ್ಸ್ ಸದ್ದಿನಲ್ಲಿ ಸುಮಾರು 34 ಡೆಸಿಬೆಲ್ಲನ್ನು, 100 ಹರ್ಟ್ಸ್‌ನಲ್ಲಿ 19 ಡೆಸಿಬೆಲ್ಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೀಗಾಗಿ ಮೀಟರಿನಲ್ಲಿ ಸಭ್ಯ ಅಂಕಿ ಕಾಣುತ್ತಿರುವಾಗಲೂ ಮೂರನೇ ಕ್ರಾಸಿನ ಮನೆಯ ಕಿಟಕಿ ಗಾಜು ಅದುರುತ್ತಿರಬಹುದು. 41 ಹರ್ಟ್ಸ್ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ನಮ್ಮ ಆರಿಂಚು ಗೋಡೆ ಅದಕ್ಕೆ ದೊಡ್ಡ ಅಡ್ಡಿಯೇನಲ್ಲ. ಕಾನೂನಿನ ಅಂಕಿ ಮೀರಿಲ್ಲ ಎಂದು ವಾದಿಸುವ ಕಮಿಟಿಗೆ ನಾನು ಹೇಳುವುದು, ಆ ಅಂಕಿಗೆ ನಿಮ್ಮ ಬೇಸ್ ಸರಿಯಾಗಿ ಕೇಳಿಸಿಯೇ ಇಲ್ಲ.

ಇಷ್ಟೆಲ್ಲ ಆದರೂ ಈ ತಪ್ಪು ಪಾಠ ಏಕೆ ಸಾಯುವುದಿಲ್ಲ? ದಡ್ಡತನ ಕಾರಣವಲ್ಲ ಎಂದು ಆಗಲೇ ಹೇಳಿದೆ. ಕಾರಣ ಸಮಯ. ಐದಕ್ಕೆ ಬರಬೇಕಾದ ಸೌಂಡ್ ಗಾಡಿ ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ಏಳಕ್ಕೆ ಬರುತ್ತದೆ. ಬಾಕ್ಸ್ ಏರಿಸುವಷ್ಟರಲ್ಲಿ ಗಣ್ಯರು ವೇದಿಕೆಯಲ್ಲಿ, ಹಾರ ತುರಾಯಿ, ಸನ್ಮಾನ, ಭಾಷಣ. ಹಾಡುವವರ ಮೈಕಿಗೆ "ಹಲೋ, ಚೆಕ್, ಒನ್ ಟೂ" ಆಗುತ್ತದೆ; ಬೇಸ್ ವಾದಕ ವೈರು ಚುಚ್ಚುವ ಹೊತ್ತಿಗೆ ಭಕ್ತಿಗೀತೆ ಶುರು. ಮೊದಲ ಹಾಡೇ ಅವನ ಸೌಂಡ್ ಚೆಕ್. ಆ ಆತುರದಲ್ಲಿ ಕೈಗೆ ಸಿಕ್ಕ ಮೊದಲ ನಾಬ್ ತಿರುಗಿಸುವುದಲ್ಲದೆ ಅವನು ಇನ್ನೇನು ಮಾಡಿಯಾನು? ಆಂಪಿನಲ್ಲಿ ಎಡಬದಿಯ ಮೊದಲ ನಾಬ್ ಸಾಮಾನ್ಯವಾಗಿ ಗೇನ್.

ಆದ್ದರಿಂದ ಗಿಟಾರ್ ಮೇಷ್ಟ್ರುಗಳಲ್ಲಿ ನನ್ನ ಕೇಳಿಕೆ ಒಂದು: ಮೊದಲ ಸ್ಕೇಲ್ ಕಲಿಸುವ ಮೊದಲು ಕ್ಲಿಪ್ ಲೈಟ್ ನೋಡಿ ಗೇನ್ ಇಡುವುದನ್ನು ಕಲಿಸಿ. ಕಮಿಟಿಗಳಲ್ಲಿ ಇನ್ನೊಂದು: ಬರುವ ಗಣೇಶನ ಹಬ್ಬಕ್ಕೆ, ನವೆಂಬರಿನ ರಾಜ್ಯೋತ್ಸವಕ್ಕೆ ಸೌಂಡಿನವರಿಗೆ ಮುಂಗಡ ಕೊಡುವಾಗ ಎಷ್ಟು ಬಾಕ್ಸ್ ಎಂದು ಕೇಳುವ ಜೊತೆಗೆ ಸೌಂಡ್ ಚೆಕ್ ಎಷ್ಟು ಹೊತ್ತಿಗೆ ಎಂದೂ ಕೇಳಿ, ಬರೆಸಿಕೊಳ್ಳಿ. ಬೇಸ್ ವಾದಕನಿಗೆ ಅದರಲ್ಲಿ ಹತ್ತು ನಿಮಿಷ ಬಿಡಿ. ಆಮೇಲೆ ಗೇನ್ ನಾಬನ್ನು ಯಾರೂ ಮುಟ್ಟುವುದು ಬೇಡ, ಅಧ್ಯಕ್ಷರೇ ಬಂದು ಕೈ ಸನ್ನೆ ಮಾಡಿದರೂ ಬೇಡ.